ಲಾಡಿ ಹಾವಿನ ನೂರ ಹನ್ನೆರಡನೇ ಸಂಗತಿ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ
ಶುಕ್ರವಾರ, ೮ ಫೆಬ್ರವರಿ ೨೦೦೮

ಸ್ವಸ್ತಿಶ್ರೀ ಸಮಸ್ತ ಸರೀಸೃಪಕುಲ ಸಂರಕ್ಷಕ, ಸುಳ್ಳುಗಾರರ ಗಂಡ, ಕೆಂಪುಶಾಯಿ ಖಡ್ಗಧಾರಿ, ಎರೆಹುಳು ಶೋಧನ ಪ್ರವೀಣ, ಕಾಟಿಪಳ್ಳ ಪುರವರಾಧೀಶ್ವರ, ಅಬುಧಾಬಿ ಲಾಡಿ ಹಾವು ಅಭಿಮಾನಿಗಳ ಸಂಘದ ಆಜೀವ ಸತ್ಯಪರೀಕ್ಷಾಧಿಕಾರಿ ಶ್ರೀಮಾನ್ ಅನ್ಸಿಫ್ ಮುಹಿಯುದ್ದೀನ್ ಅವರ ದಿವ್ಯ ಸನ್ನಿಧಾನಕ್ಕೆ, ಸದರಿ ಸಂಘದ ಕಾರ್ಯದರ್ಶಿಯೂ ಬೋಗುಣಿ ತೊಳೆಯುವವನೂ ಆದ ಗುರುದತ್ತನು ಮಾಡುವ ಸಲಾಂ, ನಮಸ್ಕಾರ, ಇತ್ಯಾದಿ.

ಲಗತ್ತು: ಪೊರೆ ಒಂದು, ಸುತ್ತಿದ ಕಾಗದ ಸಹಿತ.

ಲೋ ಅನ್ಸಿಫ್,

ಇಲ್ಲಿ ಹಾವೂ ಸೇರಿ ನಾವೆಲ್ಲ ಚೆನ್ನಾಗಿದ್ದೇವೆ. ಅಲ್ಲಿ ನೀನು, ನಿನ್ನ ಉಮ್ಮ, ನಿನ್ನ ತಂದೆ ಮುಹಿಯುದ್ದೀನ್ ಅಂಕಲ್ ಎಲ್ಲರೂ ಚೆನ್ನಾಗಿದ್ದೀರೆಂದು ಭಾವಿಸಿ ಮುಂದಕ್ಕೆ ಬರೆಯುತ್ತೇನೆ. ನಿನ್ನ ರಾಜೀನಾಮೆ ಪತ್ರ ನಮ್ಮಪ್ಪನ ಆಫೀಸಿನ ಪೋಸ್ಟ್ ಬಾಕ್ಸಿಗೆ ಬಂದು ಇವತ್ತಿಗೆ ಮೂವತ್ತಮೂರು ದಿನ. ತಡವಾದುದಕ್ಕೆ ಕ್ಷಮೆ ಇರಲಿ. ಪ್ರಿಪರೇಟರಿ ಪರೀಕ್ಷೆ ಇತ್ತು, ಆಮೇಲೆ ಶೀತ ಇತ್ತು, ಆಮೇಲೆ ಪೆನ್ನು ಇರಲಿಲ್ಲ. ಇದರಲ್ಲಿ ಯಾವ ಕಾರಣ ಬೇಕೋ ಅದನ್ನು ಇಟ್ಟುಕೋ. 'ಹಾವಿನ ಪತ್ರವ್ಯವಹಾರ ಕಂಪನಿ ಪೋಸ್ಟ್ ಬಾಕ್ಸಿಗೆ ಬರುತ್ತಲ್ಲೋ, ಮ್ಯಾನೇಜರ್ ಕೇಳಿದ್ರೆ ಏನಂತ ಹೇಳ್ಲಿ?' ಅಂತ ಅಪ್ಪ ಎರಡು ದಿನ ಗೊಣಗಿದರು. ನಮ್ಮಪ್ಪ ಶ್ರೀಕಂಠಯ್ಯನವರ ಗೊಣಗಾಟ ನಿನಗೆ ಹೊಸದಲ್ಲ.

ಇಷ್ಟು ವಿಷಯಕ್ಕೆ ಇಮೇಲ್ ಸಾಲದೇ ಅಂತ ನೀನು ಕೇಳಬಹುದು. ರಾಜೀನಾಮೆ ಕಾಗದದಲ್ಲಿ ಬಂದರೆ ಉತ್ತರವೂ ಕಾಗದದಲ್ಲೇ ಹೋಗಬೇಕು. ಮೇಲಾಗಿ ಇಮೇಲಿನಲ್ಲಿ ಪೊರೆ ಹೋಗುವುದಿಲ್ಲ.

ಮೊದಲು ತೀರ್ಪು ಕೇಳು. ನಿನ್ನ ಪತ್ರವನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಲಾಯಿತು. ರಾಜೀನಾಮೆಯನ್ನು ತಿರಸ್ಕರಿಸಲಾಗಿದೆ. ತಿರಸ್ಕಾರದ ಪರ ನಾಲ್ಕು ಮತ, ವಿರೋಧ ಸೊನ್ನೆ, ಲಾಡಮ್ಮ ತಟಸ್ಥ.

ಇನ್ನು ದಾಖಲೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಾನೆ ಅಂತ ಬೈಯಬೇಡ. ಕಾರ್ಯದರ್ಶಿಯಾದವನು ಮುಂದಿನ ಪೀಳಿಗೆಯನ್ನೂ ಗಮನದಲ್ಲಿಟ್ಟುಕೊಳ್ಳಬೇಕು.

ಮಾರ್ಸೆಲ್ ಅಂಕಲ್ ನಮ್ಮಪ್ಪನ ಕಂಪನಿಯಲ್ಲೇ ಡ್ರಾಫ್ಟ್ಸ್‌ಮನ್. ಅವರ ಬಾಸ್ ಆಗಿದ್ದ ಕೆನಡಾದ ಅಲೆಕ್ಸಾಂಡರ್ ಊರಿಗೆ ಹೊರಡುವಾಗ ಫ್ರಿಜ್ಜನ್ನು ಒಬ್ಬರಿಗೆ, ಸೋಫಾವನ್ನು ಇನ್ನೊಬ್ಬರಿಗೆ, ಗಾಜಿನ ತೊಟ್ಟಿ ಸಮೇತ ಒಂದು ಗಾರ್ಟರ್ ಹಾವನ್ನು ಮಾರ್ಸೆಲ್ ಅಂಕಲ್‌ಗೆ ಕೊಟ್ಟು ವಿಮಾನ ಹತ್ತಿದ. ಅಂಕಲ್ ರೂಮಿನಲ್ಲಿ ಆರು ಜನ. ಉಳಿದ ಐವರು ಸೇರಿ, ಇಲ್ಲಿ ಅದಾದರೂ ಇರಬೇಕು ಇಲ್ಲ ನಾವಾದರೂ ಇರಬೇಕು ಅಂದರು. ಹಾಗೆ ಅದು ನಮ್ಮ ಮನೆಯ ಸ್ಟೋರ್ ರೂಮಿಗೆ ಬಂತು.

'ಗಾರ್ಟರ್ ಅಂದ್ರೇನೋ?' ಅಂತ ನಮ್ಮಮ್ಮ ಕೇಳಿದರು. ಕಾಲುಚೀಲ ಜಾರದ ಹಾಗೆ ಕಟ್ಟುವ ಪಟ್ಟಿ, ಇದರ ಬೆನ್ನ ಮೇಲಿನ ಹಳದಿ ಗೆರೆ ಹಾಗೆ ಕಾಣುತ್ತದೆ ಅಂತ ನೀನು ಶಾಂತವಾಗಿ ವಿವರಿಸಿದೆ. 'ಓ, ಲಾಡಿ ಅನ್ನು ಮತ್ತೆ,' ಅಂದರು ಅಮ್ಮ. ಅಲ್ಲಿಗೆ ಗಾರ್ಟರ್ ಹಾವು ಲಾಡಿ ಹಾವಾಯಿತು, ಈ ಹಾವಿಗೆ ಲಾಡಮ್ಮ ಅಂತ ನಾಮಕರಣವಾಯಿತು, ಸಂಘ ಹುಟ್ಟಿತು. ನಮ್ಮಿಬ್ಬರಿಗೆ ಶುಕ್ರವಾರ ಬೆಳಿಗ್ಗೆ ಕನ್ನಡ ಕಾಗುಣಿತ ಕಲಿಸುತ್ತಿದ್ದ ಶಾರದಮ್ಮ ಟೀಚರೇ ಮರದ ಮಣೆ ಎಳೆದುಕೊಂಡು ಕೂತು ಸಂಘವನ್ನು ಉದ್ಘಾಟಿಸಿದರು. ಹಾವು ಹಾಲು ಕುಡಿಯುವುದಿಲ್ಲ ಅನ್ನುವುದು ನಮ್ಮ ಮೊದಲನೇ ಸಂಗತಿ. ಅದನ್ನು ಒಪ್ಪಿಕೊಂಡ ಮೇಲೂ ನಾಗರ ಪಂಚಮಿಯ ದಿನ ಸ್ಟೋರ್ ರೂಮಿನ ಬಾಗಿಲಾಚೆ ಒಂದು ಲೋಟ ಹಾಲಿಟ್ಟು, ಅರ್ಧ ಗಂಟೆ ಬಿಟ್ಟು ಅದನ್ನು ನನ್ನ ತಂಗಿ ಹಿತಾಗೆ ಕುಡಿಸುವುದನ್ನು ಅಮ್ಮ ಬಿಡಲಿಲ್ಲ.

ನಿಯಮ ಬಹಳ ಸರಳ. ಪ್ರತಿ ಶುಕ್ರವಾರ ಸರದಿಯಂತೆ ಒಬ್ಬ ಸದಸ್ಯ ಲಾಡಿ ಹಾವಿನ ಬಗ್ಗೆ ಒಂದು ಸಂಗತಿ ತರಬೇಕು. ಅದನ್ನು ಉದ್ದನೆಯ ನೋಟ್ ಪುಸ್ತಕದಲ್ಲಿ ನಂಬರು ಹಾಕಿ ಬರೆಯಬೇಕು. ಸುಳ್ಳು ತರಲು ಅವಕಾಶ ಉಂಟು. ಸತ್ಯಪರೀಕ್ಷಾಧಿಕಾರಿ ವಾರದೊಳಗೆ ಲೈಬ್ರರಿಯಲ್ಲೋ ಇಂಟರ್ನೆಟ್ಟಿನಲ್ಲೋ ನೋಡಿ ಸುಳ್ಳಿನ ಎದುರು ಕೆಂಪು ಗೀಟು ಹಾಕಬೇಕು. ಸಿಕ್ಕಿಬಿದ್ದವನು ಲಾಡಮ್ಮನ ನೀರಿನ ಬೋಗುಣಿ ತೊಳೆಯಬೇಕು. ಅವಳು ಕುಡಿಯುವುದು, ಮುಳುಗುವುದು, ಮಿಕ್ಕಿದ್ದೆಲ್ಲ ಮಾಡುವುದು ಅದೇ ಬೋಗುಣಿಯಲ್ಲಾದ್ದರಿಂದ ಶಿಕ್ಷೆ ಚಿಕ್ಕದೇನಲ್ಲ. ಸುಳ್ಳು ಹೇಳುತ್ತಿದ್ದವನು ನಾನೊಬ್ಬನೇ. ಲಾಡಿ ಹಾವು ಕನ್ನಡಿ ನೋಡಿದರೆ ನಾಚುತ್ತದೆ ಅಂದೆ, ಶುಕ್ರವಾರ ಅದಕ್ಕೆ ಹಸಿವಾಗುವುದಿಲ್ಲ ಅಂದೆ. ಹತ್ತೊಂಬತ್ತು ಸುಳ್ಳು ಹೇಳಿದೆ, ಹತ್ತೊಂಬತ್ತು ಗೀಟು ಬಿತ್ತು, ಹತ್ತೊಂಬತ್ತು ಸಲ ಬೋಗುಣಿ ತೊಳೆದೆ.

ನೀನು ತಪ್ಪಿದ್ದು ಒಂದೇ ಸಲ. ಕೆಲವು ಗಂಡು ಲಾಡಿ ಹಾವುಗಳು ಚಳಿ ನಿದ್ದೆಯಿಂದ ಎದ್ದ ಕೂಡಲೇ ಹೆಣ್ಣಿನ ವಾಸನೆ ಬಿಟ್ಟು ಉಳಿದ ಗಂಡುಗಳಿಗೆ ಮೋಸ ಮಾಡುತ್ತವೆ, ಅವು ಬಂದು ಮೈಮೇಲೆ ಬಿದ್ದಾಗ ಪುಕ್ಕಟೆಯಾಗಿ ಬೆಚ್ಚಗಾಗುತ್ತವೆ ಅಂತ ನಾನು ಬರೆದಿದ್ದೆ. ಗುರುದತ್ತನ ಕಾರ್ಖಾನೆಯ ಮಾಲು ಅಂದು ನೀನು ಗೀಟು ಎಳೆದೆ. ಮೂರು ದಿನ ಬಿಟ್ಟು, ಅದು ನಿಜವಂತೆ ಅಂತ ಪ್ರಿಂಟೌಟ್ ಹಿಡಿದು ಬಂದೆ. ಗೀಟಿನ ಮೇಲೆ ಬಿಳಿ ಹಚ್ಚಿ, ಪಕ್ಕದಲ್ಲಿ 'ಕ್ಷಮೆ ಇರಲಿ' ಅಂತ ಬರೆದು ಸಹಿ ಹಾಕಿದೆ. ಯಾರೂ ಕೇಳಿರಲಿಲ್ಲ. ಬೋಗುಣಿಯನ್ನೂ ನೀನೇ ತೊಳೆದೆ.

ನಮ್ಮ ಇನ್ನೊಬ್ಬ ಸದಸ್ಯ ಇದಿನಬ್ಬಾಕ ಈಗಲೂ ಬೀದಿ ಮೂಲೆಯ ಅದೇ ಗ್ರೋಸರಿ ನಡೆಸುತ್ತಿದ್ದಾರೆ, ಈಗಲೂ ಚಪ್ಪಲಿ ಹಾಕಿಕೊಂಡೇ ಸ್ಟೋರ್ ರೂಮಿನ ಹೊಸ್ತಿಲಲ್ಲಿ ಕೂರುತ್ತಾರೆ. ಓಡಲು ಸುಲಭವಂತೆ. ಆದರೂ ಸಂಗತಿ ತರುವುದರಲ್ಲಿ ಅವರಷ್ಟು ನಿಷ್ಠೆ ಯಾರಿಗೂ ಇಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ಚಳಿಗಾಲ ಕಳೆಯಲು ಸಾವಿರಾರು ಲಾಡಿ ಹಾವುಗಳು ಒಂದೇ ಬಿಲ ಸೇರುತ್ತವೆ ಅಂತ ನೀನು ಓದಿದ ದಿನ ಅವರು ಹೇಳಿದ್ದು ನೆನಪಿದೆಯಾ? 'ಬೆಡ್ ಸ್ಪೇಸ್ ಮಾರಾಯ! ಅಲ್ಲಿಯೂ ನಮ್ಮ ಹಾಗೆ ಒಂದು ರೂಮಿಗೆ ಹತ್ತು ಜನ! ಬೆಳಿಗ್ಗೆ ಬಾತ್‌ರೂಮಿಗೆ ಲೈನ್ ಎಷ್ಟು ಉದ್ದ ಉಂಟು ಅಂತ ಬರ್ದಿದ್ದಾರಾ ಅದರಲ್ಲಿ?'

ಈಗ ನೂರ ಹನ್ನೆರಡು.

ಕಳೆದ ಜೂನ್, ನೀನು ಊರಿಗೆ ಹೊರಡುವ ಮುಂಚಿನ ಕೊನೆಯ ಶುಕ್ರವಾರ. ನಿಮ್ಮ ಮನೆಯಲ್ಲಿ ಸೂಟ್‌ಕೇಸು ತೂಗುವ ಗಲಾಟೆ. ನಾನು ತಂದ ಸಂಗತಿ ಹೀಗಿತ್ತು: 'ಲಾಡಿ ಹಾವಿಗೆ ವಾರಕ್ಕೆರಡು ಗೋಲ್ಡ್‌ಫಿಶ್ ತಿನ್ನಿಸಿದರೆ ಬೆನ್ನಿನ ಪಟ್ಟೆಗೆ ಚಿನ್ನದ ಹೊಳಪು ಬರುತ್ತದೆ.' ಬರೆದು ಮುಖ ಗಂಟಿಕ್ಕಿಕೊಂಡು ಕೂತೆ. ನೀನು ಪುಸ್ತಕವನ್ನು ಬಗಲಿಗಿಟ್ಟುಕೊಂಡು ಹೋದೆ. ಆ ಪುಸ್ತಕವನ್ನು, ಸ್ಪೈರಲ್ಲಿಗೆ ಸಿಕ್ಕಿಸಿದ ಕೆಂಪು ಪೆನ್ನಿನ ಸಮೇತ, ನನ್ನ ಕೈಗೆ ಕೊಟ್ಟದ್ದು ಏರ್‌ಪೋರ್ಟಿನಲ್ಲಿ. 'ಎಲ್ಲ ನೋಡಿದ್ದೇನೆ,' ಅಂದೆ ನೀನು. ಅಷ್ಟರಲ್ಲಿ ನಿನ್ನ ಉಮ್ಮ ಕರೆದರು.

ಸೆಪ್ಟೆಂಬರಿನಲ್ಲಿ ಸ್ಕೂಲಿನ ವಿಜ್ಞಾನ ಪ್ರದರ್ಶನ ಬಂತು. ಹಳೇ ಪುಸ್ತಕದ ತುಂಬ ಸಾಂಬಾರಿನ ಕಲೆ, ಹಾಗಾಗಿ ಗೀಟು ಬಿದ್ದ ಸುಳ್ಳುಗಳನ್ನು ಬಿಟ್ಟು ಉಳಿದದ್ದನ್ನು ಹೊಸ ಪುಸ್ತಕಕ್ಕೆ ನೀಟಾಗಿ ನಕಲು ಮಾಡು ಅಂತ ಮಾರ್ಸೆಲ್ ಅಂಕಲ್ ಹೇಳಿದರು. ನಾನು ಮಾಡಿದೆ. ಪ್ರದರ್ಶನದಲ್ಲಿ ಬಂದವರಿಗೆಲ್ಲ ಅದನ್ನು ಓದಿ ಹೇಳುವ ಕೆಲಸ ಹಿತಾಳದು. ಹತ್ತು ವರ್ಷದ ಹುಡುಗಿ ಎರಡು ದಿನದಲ್ಲಿ ಪುಸ್ತಕವಿಡೀ ಬಾಯಿಪಾಠ ಮಾಡಿಬಿಟ್ಟಳು. ನೂರ ಹನ್ನೆರಡೂ ಅದರಲ್ಲಿತ್ತು.

ಅಕ್ಟೋಬರಿನಲ್ಲಿ ಅವಳು ಇದಿನಬ್ಬಾಕನಿಗೆ ಗೋಲ್ಡ್‌ಫಿಶ್ ತರಲು ಹೇಳಿದಳು. ಮಗು ಅಕ್ವೇರಿಯಂ ಇಟ್ಟಿದೆ ಅಂದುಕೊಂಡು ಆ ಮನುಷ್ಯ ಪ್ರತಿ ವಾರ ಅಂಗಡಿಗೆ ಸಾಮಾನು ತರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಿತ್ತಳೆ ಮೀನು ತಂದುಕೊಟ್ಟರು. ಲಾಡಮ್ಮನಿಗೆ ಖುಷಿಯೋ ಖುಷಿ. ಎರೆಹುಳು, ತಿಲಾಪಿಯಾ ತುಂಡು ಕೊಟ್ಟರೆ ಮುಖ ತಿರುಗಿಸಿದಳು. ತಮಾಷೆಯೆಂದರೆ ಪಟ್ಟೆ ಹೊಳೆಯುತ್ತಿದೆ ಅಂತ ಎಲ್ಲರಿಗೂ ಅನ್ನಿಸಿತು. 'ಹೌದು ಕಣೋ, ಹೊಸ ಜರಿ ಅಂಚಿನ ಹಾಗಿದೆ,' ಅಂದರು ಅಮ್ಮ. ಮಾರ್ಸೆಲ್ ಅಂಕಲ್ ಆಗ ಪ್ರಾಜೆಕ್ಟ್ ಅಂತ ದೂರದ ರುವೈಸಿನಲ್ಲಿದ್ದರು.

ನಾನು ನೋಡುತ್ತಿದ್ದೆ, ಸುಮ್ಮನಿದ್ದೆ. ಇದನ್ನು ನಿನಗೆ ಮುಚ್ಚಿಡುವುದಿಲ್ಲ. ನನ್ನ ಸುಳ್ಳು ಕಣ್ಣೆದುರು ನಿಜವಾಗುತ್ತಿತ್ತು, ನನಗೆ ಬಹಳ ಹೆಮ್ಮೆಯಾಗಿತ್ತು.

ಡಿಸೆಂಬರ್ ಹದಿನಾಲ್ಕು, ಶುಕ್ರವಾರ, ಹಿತಾ ಕಿರುಚಿದ್ದು ಕೇಳಿ ಓಡಿದೆ. ಲಾಡಮ್ಮ ಮೀನಿಗೆ ಬಾಯಿ ಹಾಕುತ್ತಿದ್ದಳು, ಬಾಯಿ ಮಾತ್ರ ಮೀನಿನಿಂದ ಒಂದು ಗೇಣು ಆಚೆ ಗಾಳಿಯಲ್ಲಿ ಮುಚ್ಚುತ್ತಿತ್ತು. ಆಮೇಲೆ ತಲೆ ಹಿಂದಕ್ಕೆ ತಿರುಚಿಕೊಂಡಿತು. ಮೈ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಹೊಟ್ಟೆ ಮೇಲಾಯಿತು. ಸರಿ ಮಾಡಿದರೆ ಮತ್ತೆ ಮಗುಚಿದಳು. ನಾನು ಕೈಯಲ್ಲಿ ಎತ್ತಿಕೊಂಡೆ. ಹಿಡಿದರೆ ನಾರುವ ರಸ ಬಿಡುವುದು ಅವಳ ಜಾತಿಯ ಗುಣ, ಅದು ಏಳನೇ ಸಂಗತಿ. ಅವತ್ತು ಅದನ್ನೂ ಬಿಡಲಿಲ್ಲ. ನನಗೆ ಭಯವಾದದ್ದು ಆವಾಗ.

ಹಿಂದಿನ ದಿನವಷ್ಟೇ ರುವೈಸಿನಿಂದ ವಾಪಸಾಗಿದ್ದ ಮಾರ್ಸೆಲ್ ಅಂಕಲ್ ಅರ್ಧ ಗಂಟೆಯಲ್ಲಿ ಬಂದರು. ಪ್ರಾಣಿಗಳ ಕ್ಲಿನಿಕ್ಕಿಗೆ ಫೋನು ಮಾಡಿದರೆ, ಗಿಡುಗ ನೋಡುತ್ತೇವೆ, ಒಂಟೆ ನೋಡುತ್ತೇವೆ, ಬೆಕ್ಕು ನೋಡುತ್ತೇವೆ, ಹಾವು ಮಾಫಿ, ಅಂದರೆ ಇಲ್ಲವೇ ಇಲ್ಲ, ಅಂದರು. ಕೊನೆಗೆ ಅಂಕಲ್ ಅಲೆಕ್ಸಾಂಡರನಿಗೆ ಇಮೇಲ್ ಹಾಕಿದರು. ಅಲ್ಲಿ ಅವನಿಗೆ ಇನ್ನೂ ಬೆಳಗಿನ ಕಾಫಿ ಹೊತ್ತು, ತಕ್ಷಣ ಉತ್ತರ ಬಂತು. ಎರಡೇ ಸಾಲು. ಒಂದರಲ್ಲಿ, ಏನು ತಿನ್ನಿಸುತ್ತಿದ್ದೀರಿ ಎಂಬ ಪ್ರಶ್ನೆ. ಇನ್ನೊಂದರಲ್ಲಿ, ಗೋಲ್ಡ್‌ಫಿಶ್ ಆಗಿದ್ದರೆ ಈ ಕ್ಷಣ ನಿಲ್ಲಿಸಿ ಬಿ-ಒನ್ ಕೊಡಿ ಎಂಬ ಅಪ್ಪಣೆ. ಆ ಮೀನಿನೊಳಗೆ ಬಿ-ಒನ್ ಜೀವಸತ್ವವನ್ನು ಹಾಳುಮಾಡುವ ಏನೋ ಒಂದು ಇದೆಯಂತೆ. ಅದನ್ನೇ ತಿಂದರೆ ಹಾವಿನ ನರ ಸೋಲುತ್ತದಂತೆ. ಲಾಡಿ ಹಾವು ಸಾಕುವವರ ಲೋಕದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತಂತೆ.

ಇದಿನಬ್ಬಾಕ ಫಾರ್ಮಸಿಗೆ ಓಡಿದರು. ಗುಳಿಗೆ ಪುಡಿ ಮಾಡಿ, ಅಲೆಕ್ಸಾಂಡರ್ ಹೇಳಿದ ಲೆಕ್ಕದಲ್ಲಿ ನೀರಿಗೆ ಬೆರೆಸಿ, ಡ್ರಾಪರಿನಲ್ಲಿ ತುಟಿಯಂಚಿಗೆ ಬಿಡಬೇಕು. ತಲೆ ಹಿಡಿಯುವವರು ಬೇಕಿತ್ತು. ಮಾರ್ಸೆಲ್ ಅಂಕಲ್ ಕೈಯಲ್ಲಿ ಡ್ರಾಪರ್ ಇತ್ತು, ನಾನು ಅವಳ ಮೈ ಹಿಡಿದಿದ್ದೆ. ಮೂರು ವರ್ಷ ಹೊಸ್ತಿಲು ದಾಟದ ಇದಿನಬ್ಬಾಕ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಿಸ್ಮಿಲ್ಲಾ ಅಂದು ಎರಡು ಬೆರಳಲ್ಲಿ ಅವಳ ತಲೆ ಹಿಡಿದರು. 'ಅಯ್ಯೋ, ತಣ್ಣಗೆ ಉಂಟಲ್ಲಾ,' ಅಂದರು. 'ಮಗುವಿನ ಕಿವಿ ಹಾಗೆ ಉಂಟು.'

ಒಂಬತ್ತು ದಿನ ಹೀಗೆ ನಡೆಯಿತು. ನಾಲ್ಕನೇ ದಿನ ತಾನೇ ಮಗುಚಿಕೊಂಡು ನೆಟ್ಟಗಾದಳು. ಏಳನೇ ದಿನ ನನ್ನ ಅಂಗಿಯ ಮೇಲೆ ರಸ ಬಿಟ್ಟಳು. ಅಮ್ಮ ಆ ಅಂಗಿಯನ್ನು ಮೂಗು ಮುಚ್ಚಿಕೊಂಡು ಒಗೆದರು, ಬೈಯಲಿಲ್ಲ. ಹತ್ತನೇ ದಿನ ತಿಲಾಪಿಯಾ ತಿಂದಳು. ಈಗ ಪೂರ್ತಿ ಹುಷಾರು. ತಲೆ ಮಾತ್ರ ಸ್ವಲ್ಪ ಎಡಕ್ಕೆ ವಾಲಿ ಮೇಲೆ ನೋಡುತ್ತಿರುತ್ತದೆ, ಸೀಲಿಂಗಿನಲ್ಲಿ ಯಾರೋ ಪರಿಚಯದವರು ಕಂಡ ಹಾಗೆ. ಅದು ಹಾಗೇ ಉಳಿಯುತ್ತದೆ ಅಂತ ಅಲೆಕ್ಸಾಂಡರ್ ಹೇಳಿದ್ದಾನೆ.

ಇನ್ನು ವಿಚಾರಣೆ. ಹೊಸ ಪುಸ್ತಕ ತೆಗೆದು ನೋಡಿದರು. ಹಿತಾ ಅಳುತ್ತಾ 'ಐ ಓನ್ಲಿ ಫಾಲೋಡ್ ದ ಬುಕ್, ಅಂಕಲ್' ಅಂದಳು. ಆ ಸಂಗತಿ ನನ್ನದೇ, ಸುಳ್ಳೇ ಅಂತ ನಾನು ಒಪ್ಪಿಕೊಂಡೆ.

'ಮತ್ತೆ ಕಿತ್ತಳೆ ಮೀನು ಹಾಕುವಾಗ ಎಂತಕ್ಕೆ ಸುಮ್ಮನೆ ಇದ್ದದ್ದು ನೀನು?' ಅಂತ ಮಾರ್ಸೆಲ್ ಅಂಕಲ್ ಕೇಳಿದರು.

'ಅನ್ಸಿಫ್ ಗೀಟು ಹಾಕಿಲ್ಲ ಅಂಕಲ್. ಅವನು ಪಾಸು ಮಾಡಿದ್ದಾನೆ ಅಂದ್ರೆ ಅದು ನಿಜವೇ ಇರಬಹುದು ಅಂದುಕೊಂಡೆ,' ಅಂದೆ.

ಸುಳ್ಳು ಹೇಳುವುದು ಸಂಘದಲ್ಲಿ ನನ್ನ ಕೆಲಸ, ಹಿಡಿಯುವುದು ನಿನ್ನ ಕೆಲಸ. ನಾನು ನನ್ನ ಕೆಲಸ ಮಾಡಿದ್ದೆ. ನಿಯಮದ ಪ್ರಕಾರ ಇದರಲ್ಲಿ ಯಾರೂ ತಪ್ಪು ಹುಡುಕಲು ಆಗಲಿಲ್ಲ. 'ಆ ಹುಡುಗನ ಕಣ್ಣು ತಪ್ಪಿತಾ!' ಅಂದರು ಅಂಕಲ್. 'ಅವನೊಬ್ಬ ತಪ್ಪುದಿಲ್ಲ ಅಂತ ಇದ್ದೆ ನಾನು.' ಇದಿನಬ್ಬಾಕ, 'ಪ್ಯಾಕಿಂಗ್ ಗಲಾಟೆ ಅಲ್ವಾ, ಪಾಪ, ಅವನಾದ್ರೂ ಎಂತ ಮಾಡುದು,' ಅಂದರು. ಆ ಸಂಜೆಯೇ ಅಂಕಲ್ ನಿನಗೆ ಫೋನು ಮಾಡಿದ್ದು.

ನಿನ್ನ ಪತ್ರದಲ್ಲಿ ನೀನು ಬರೆದದ್ದನ್ನು ಮತ್ತೆ ಇಲ್ಲಿ ಬರೆಯುವುದು ಕಾರ್ಯದರ್ಶಿಯ ಕರ್ತವ್ಯ. 'ಅಂಕಲ್ ಬೈಯಲಿಲ್ಲ. ಹೋಗ್ಲಿ ಬಿಡು ಮಗಾ ಅಂದರು. ಬೈದಿದ್ದರೆ ಒಳ್ಳೆಯದಿತ್ತು. ಗೀಟು ಹಾಕಿದ್ದೆ ಅಂತಲೇ ನನಗೆ ನೆನಪು, ಆದರೆ ಪುಸ್ತಕದಲ್ಲಿ ಇಲ್ಲ ಅಂದ ಮೇಲೆ ನೆನಪನ್ನು ನಂಬುವುದು ಹೇಗೆ? ಆಗುವುದಾದರೆ ಹಳೇ ಪುಸ್ತಕವನ್ನು ಒಮ್ಮೆ ನೋಡು. ಒಂದು ಸಾಲು ಸರಿಯಾಗಿ ನೋಡಲಾಗದವನು ನಾಳೆ ಒಂದು ಎಮ್ಮೆಗೆ ಎಷ್ಟು ಔಷಧಿ ಅಂತ ಹೇಗೆ ಬರೆಯುತ್ತಾನೆ? ಪಶುವೈದ್ಯ ಕೋರ್ಸಿಗೆ ಅರ್ಜಿ ಹಾಕುವುದಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ಮಾವನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತೇನೆ.'

ಸಭೆಯಲ್ಲಿ ಇದನ್ನು ಓದಿ ಮುಗಿಸಿದಾಗ ಮಾರ್ಸೆಲ್ ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. 'ನಾನು ಫೋನ್ ಮಾಡಬಾರದಿತ್ತು,' ಅಂದರು. ಅಮ್ಮ ಮಾತ್ರ ಒಳಗಿನಿಂದಲೇ, 'ಆ ಹುಡುಗ ನಮ್ಮನೇಲಿ ತಟ್ಟೆ ತೊಳೆದಿಟ್ಟರೂ ತಿರುಗಿಸಿ ಹಿಂಭಾಗ ನೋಡೋನು. ಅವನು ಗೀಟು ಮರೀತಾನಾ, ನಂಗೆ ನಂಬಿಕೆ ಇಲ್ಲಪ್ಪ,' ಅಂದರು. ಅಮ್ಮನ ಈ ಅಭಿಪ್ರಾಯವನ್ನು, ಅವರು ಸದಸ್ಯರಲ್ಲದ ಕಾರಣ, ನಡಾವಳಿಯಲ್ಲಿ ಸೇರಿಸಿಲ್ಲ.

ಹಳೇ ಪುಸ್ತಕದ ವಿಷಯ. ಹುಡುಕಿದೆ. ಸಿಗಲಿಲ್ಲ. ದಸರೆಗೆ ಮನೆ ಕ್ಲೀನ್ ಮಾಡುವಾಗ ಹಳೇ ಪೇಪರಿನ ಜೊತೆ ಹೋಗಿರಬೇಕು.

ಹೋದ ತಿಂಗಳು ನಿಮ್ಮ ಮನೆಗೆ ಮೂರು ಸಲ ಮೂಕ ಫೋನು ಬಂದು ನಿನ್ನ ಉಮ್ಮ ಹೆದರಿಕೊಂಡರಂತೆ, ಮಾರ್ಸೆಲ್ ಅಂಕಲ್ ಹೇಳಿದರು. ಈ ಕಡೆಯ ಲೈನುಗಳೇ ಹಾಗೆ, ಉಮ್ಮ ಖತೀಜಮ್ಮನವರಿಗೆ ಚಿಂತಿಸಬೇಡಿ ಅಂತ ಹೇಳು.

ಈಗ ಸಂಘದ ಆಜ್ಞೆ. ಅರ್ಜಿ ಹಾಕಲು ಈ ತಿಂಗಳ ಕೊನೆಯವರೆಗೆ ಸಮಯವಿದೆ ಅಂತ ನೀನೇ ಬರೆದಿದ್ದೀಯ. ಈ ಕಾಗದ ಹತ್ತು-ಹನ್ನೆರಡು ದಿನದಲ್ಲಿ ಸಿಕ್ಕಬೇಕು. ಸಿಕ್ಕಿದ ದಿನವೇ ಅರ್ಜಿ ತುಂಬು. ಗಿಡುಗ, ಒಂಟೆ, ಬೆಕ್ಕು ನೋಡುವವರು ಪ್ರಪಂಚದಲ್ಲಿ ಬೇಕಾದಷ್ಟಿದ್ದಾರೆ. ಹಾವು ಮಾಫಿ ಅನ್ನದ ಒಬ್ಬ ಡಾ. ಅನ್ಸಿಫ್ ಇಲ್ಲಿಗೆ ಬೇಕಾಗಿದ್ದಾರೆ. ಚಪ್ಪಲಿ ಅಂಗಡಿಯಲ್ಲಿ ನೀನು ಕೂತರೆ ಗಿರಾಕಿ ಕೇಳಿದ ಚಪ್ಪಲಿಯ ಹೊಲಿಗೆ ಎಣಿಸಿ, ಇದು ಸರಿಯಿಲ್ಲ, ತೆಗೊಳ್ಳಬೇಡಿ ಅನ್ನುತ್ತೀಯ. ನಿನ್ನ ಮಾವನ ಹಿತದೃಷ್ಟಿಯಿಂದಲೂ ಅದು ಬೇಡ.

ಪೊರೆಯ ವಿಚಾರ. ಜನವರಿ ಹದಿನೆಂಟಕ್ಕೆ ಲಾಡಮ್ಮನ ಕಣ್ಣು ಹಾಲು ನೀಲಿಯಾಯಿತು. ಹಿತಾಗೆ ಮತ್ತೆ ಕಾಯಿಲೆಯೇನೋ ಅಂತ ಗಾಬರಿ. ಪೊರೆ ಬಿಡುವ ಮುಂಚೆ ಕಣ್ಣು ಹೀಗಾಗುತ್ತದೆ, ಇದು ಇಪ್ಪತ್ತೆರಡನೇ ಸಂಗತಿ, ತಂದವನು ಅನ್ಸಿಫ್ ಅಂತ ನಾನು ನೆನಪಿಸಿದೆ. 'ಅನ್ಸಿಫಣ್ಣನ ಸಂಗತೀನಾ? ದೆನ್ ಇಟ್ಸ್ ಓಕೆ,' ಅಂದಳು. ಜನವರಿ ಇಪ್ಪತ್ತೆರಡಕ್ಕೆ ಸರಿಯಾಗಿ ಬಾಯಿಂದ ಬಾಲದವರೆಗೆ ಎಲ್ಲೂ ಹರಿಯದೆ ಇಡಿಯಾಗಿ ಪೊರೆ ಬಂತು. ಕಣ್ಣಿನ ಮೇಲಿನ ಎರಡು ಗುಂಡು ಮುಚ್ಚಳ ಕೂಡ ಹಾಗೇ ಇವೆ, ಬೆಳಕಿಗೆ ಹಿಡಿದು ನೋಡು. ನರ ಸರಿಯಿಲ್ಲದ ಹಾವು ಇಷ್ಟು ಚೆಂದ ಪೊರೆ ಬಿಡುವುದಿಲ್ಲ ಅಂತ ಅಲೆಕ್ಸಾಂಡರ್ ಹೇಳಿದ. ಇದನ್ನು ನಿನಗೇ ಕಳುಹಿಸಬೇಕು ಅಂತ ಸಭೆ ಒಮ್ಮತದಿಂದ ನಿರ್ಧರಿಸಿತು. ಹಿತಾ ಬೇಡ ಅನ್ನಲಿಲ್ಲ. ಅವಳಿಗೆ ಅದು ಬೇಕಿತ್ತು, ಆದರೂ ಅನ್ನಲಿಲ್ಲ. ಡಿಸೆಂಬರಿನಿಂದ ಬೋಗುಣಿಯನ್ನು ದಿನಾ ಅವಳೇ ತೊಳೆಯುತ್ತಾಳೆ. ಬೇಡ ಅಂದರೂ ಕೇಳುವುದಿಲ್ಲ. ಎರೆಹುಳು ಹಾಕುವ ಮುಂಚೆ ಲಾಡಮ್ಮನಿಗೆ 'ಐ ಆಮ್ ಸಾರಿ' ಅನ್ನುತ್ತಾಳೆ.

ಕೊನೆಯದಾಗಿ ಒಂದು ಪರೀಕ್ಷೆ. ನಮ್ಮ ಪದ್ಧತಿಯಂತೆ ಈ ಪತ್ರದಲ್ಲಿಯೂ ಒಂದು ಸುಳ್ಳು ಇದೆ. ಒಂದು ಕೆಂಪು ಪೆನ್ನು ತೆಗೆದುಕೊಂಡು ಆ ಸುಳ್ಳನ್ನು ಹಿಡಿದು ಗೀಟು ಹಾಕಿ ಕಳುಹಿಸು. ಹಿಡಿದರೆ ನೀನು ಮರಳಿ ಸತ್ಯಪರೀಕ್ಷಾಧಿಕಾರಿ. ಹಿಡಿಯದಿದ್ದರೂ ನೀನೇ, ಬೇರೆ ಯಾರೂ ಅರ್ಜಿ ಹಾಕಿಲ್ಲ.

ಉಮ್ಮನಿಗೆ, ಮುಹಿಯುದ್ದೀನ್ ಅಂಕಲ್‌ಗೆ ನನ್ನ ನಮಸ್ಕಾರ. ನಿನಗಿಂತ ನಾಲ್ಕು ತಿಂಗಳು ದೊಡ್ಡವನಾದ ನಾನು ನಿನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವುದೇನೆಂದರೆ, ನಿನ್ನ ಕೈಯಿಂದ ಸಾವಿರ ಹಾವು, ಲಕ್ಷ ಎಮ್ಮೆ ಬದುಕಲಿ. ಯಾವ ಹಾವೂ ನಿನ್ನ ಅಂಗಿಯ ಮೇಲೆ ರಸ ಬಿಡದಿರಲಿ. ನಿನ್ನ ಕೆಂಪು ಪೆನ್ನಿನ ಶಾಯಿ ಎಂದೂ ಒಣಗದಿರಲಿ.

ಇಂತು ನಿನ್ನ,
ಗುರುದತ್ತ
ಕಾರ್ಯದರ್ಶಿ, ಅ.ಲಾ.ಹಾ.ಅ. ಸಂಘ

ಮರೆತಿದ್ದು: ಪೊರೆ ಸುತ್ತಿರುವ ಕಾಗದವನ್ನು ಬಿಸಾಡಬೇಡ, ಬಿಡಿಸಿ ನೋಡು. ಅದು ಹಳೇ ಪುಸ್ತಕದ ಹಾಳೆ. ನೂರ ಹನ್ನೆರಡರ ಎದುರು ನಿನ್ನ ಗೀಟಿದೆ. ಉಳಿದ ಹತ್ತೊಂಬತ್ತಕ್ಕೆ ಒಂದೊಂದೇ ಗೀಟು, ಇದಕ್ಕೆ ಎರಡು. ಪಕ್ಕದಲ್ಲಿ 'ಇದು ಅಪಾಯ' ಅಂತಲೂ ನಿನ್ನ ಅಕ್ಷರದಲ್ಲಿದೆ. ಏರ್‌ಪೋರ್ಟಿನಿಂದ ವಾಪಸು ಬರುವಾಗ ಕಾರಿನಲ್ಲೇ ನೋಡಿದ್ದೆ. ಪುಸ್ತಕ ಎಲ್ಲೂ ಹೋಗಿಲ್ಲ, ನನ್ನ ಹಾಸಿಗೆಯ ಅಡಿಯಲ್ಲಿದೆ. ನಕಲು ಮಾಡುವಾಗ ಇಪ್ಪತ್ತಕ್ಕೆ ಇಪ್ಪತ್ತೂ ಹಿಡಿದು ಹೋಗಿದ್ದಾನಲ್ಲ ಅನ್ನಿಸಿತು. ನೀನು ಇಲ್ಲ, ಇನ್ನು ಮೇಲೆ ಹಿಡಿಯುವವರೂ ಯಾರೂ ಇಲ್ಲ, ನನ್ನದೊಂದಾದರೂ ಉಳಿಯಲಿ ಅಂತ ಸೇರಿಸಿಬಿಟ್ಟೆ. 'ಇದು ಅಪಾಯ' ಅಂತ ನೀನು ಬರೆದದ್ದನ್ನು ನಿನ್ನ ಗಂಭೀರ ತಮಾಷೆ ಅಂದುಕೊಂಡೆ. ಮೂಕ ಫೋನು ನನ್ನದೇ, ಮೂರೂ ಸಲ. ಒಂದೇ ಸುಳ್ಳು ಅಂದಿದ್ದೆ, ಲೆಕ್ಕ ಸರಿಯಿಲ್ಲ.

ಇದನ್ನು ಪೋಸ್ಟ್ ಮಾಡಿ ಬಂದ ಮೇಲೆ ಸಂಜೆಯ ಸಭೆಯಲ್ಲಿ ಮಾರ್ಸೆಲ್ ಅಂಕಲ್‌ಗೆ ಹೇಳುತ್ತೇನೆ. ಮೊದಲು ಅಲ್ಲಿ ಹೇಳಲು ಹೋದರೆ ಹೇಳುವುದೂ ಆಗುವುದಿಲ್ಲ, ಪೋಸ್ಟ್ ಮಾಡುವುದೂ ಆಗುವುದಿಲ್ಲ, ನನ್ನನ್ನು ನಾನು ಬಲ್ಲೆ. ಬೆಳಿಗ್ಗೆ ಹಿತಾಳ ಕೈಯಿಂದ ಬೋಗುಣಿ ಕಸಿದುಕೊಂಡು ತೊಳೆಯುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ನೋಡಿ, 'ಯಾಕಣ್ಣಾ? ಯಾವ ಸುಳ್ಳು ಹಿಡಿದ್ರು?' ಅಂತ ಕೇಳಿದಳು.